ಚಿಗವ್ವನನ್ನು ಕೇಳದೆ ಹಾಕಿದ ಸಹಿ

ಗೆಳೆಯರೇ, ಈಗಷ್ಟೇ ರಾಣೇಬೆನ್ನೂರಿನ ಆಸ್ಪತ್ರೆಯಿಂದ ಬಂದೆ. ಕಾಗಿನೆಲೆಯಲ್ಲಿ ಅಂಗನವಾಡಿ ನಡೆಸುವ ನನ್ನ ಚಿಗವ್ವನಿಗೆ, ಅಂದರೆ ಚಿಕ್ಕಮ್ಮನಿಗೆ, ಹೊಟ್ಟೆಯೊಳಗಿನ ಗಂಟು ತೆಗೆಯಲು ನಿನ್ನೆ ಅಲ್ಲಿ ಆಪರೇಷನ್ ಆಗಿತ್ತು. ಇಂದು ಅವಳು ನರ್ಸನ್ನು ಕೇಳಿದಳು: “ಗಂಟು ತಗದ್ರೇನವಾ?”

“ಗರ್ಭಚೀಲಾನ ತಗದಾರ್ರಿ. ನಿಮ್ಮ ಮನ್ಯಾವ್ರು ಸಹಿ ಮಾಡ್ಯಾರಲ್ರಿ.”

ಚಿಗವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನನಗೆ ತಲೆ ಕೆಟ್ಟಿತು. “ಪೇಷಂಟ್‌ನ್ನ ಕೇಳಲಾರದ ಹೆಂಗ ತಗದ್ರಿ? ಯಾರು ಒಪ್ಪಿದ್ರು?” ಎಂದು ಕೂಗಾಡಿದೆ.

ನರ್ಸ್ ಫೈಲು ತೆರೆದು ತೋರಿಸಿದಳು. ನನ್ನದೇ ಸಹಿ. ನಿನ್ನೆ ಬೆಳಿಗ್ಗೆ “ಲಗೂ ಸಹಿ ಮಾಡ್ರಿ” ಎಂದು ಆಸ್ಪತ್ರೆಯವರು ಅವಸರ ಮಾಡಿದಾಗ, ಮನೆಯಲ್ಲಿ ಓದಿದವನು ನಾನೇ ಎಂಬ ಜಂಬದಲ್ಲಿ ಓದದೆ ಹಾಕಿದ್ದು.

ಚಿಗವ್ವ ಕನ್ನಡಕ ಹಾಕಿಕೊಂಡು ಇಡೀ ಹಾಳೆ ಓದಿದಳು. “ನನಗೂ ಓದಾಕ ಬರ್ತಿತ್ತಲ್ಲೋ ತಮ್ಮಾ,” ಎಂದಳು.

ಸಣ್ಣವನಿದ್ದಾಗ ಕೈ ಹಿಡಿದು ನನಗೆ ಅಕ್ಷರ ತಿದ್ದಿಸಿದ್ದು ಅವಳೇ.