ತೂತಿನ ಕಾಲು, ಇನ್ನೊಂದು ಸೌಟು ಸಾಂಬಾರು

ನನ್ನ ಕಾಲು ತೆಗೆದ ಲಾರಿಯವನನ್ನು ನಾನು ಎಂದೋ ಕ್ಷಮಿಸಿಬಿಟ್ಟಿದ್ದೇನೆ. ಮಕರಪುರದ ತಿರುವಿನಲ್ಲಿ ನನ್ನ ಸ್ಕೂಟರು ಅವನ ಕನ್ನಡಿಯಲ್ಲಿ ಕಂಡಿರಲಿಕ್ಕಿಲ್ಲ. ಪಾಪ, ಆಸ್ಪತ್ರೆಗೆ ಬಂದು ಅಮ್ಮನ ಎದುರು ನೆಲದ ಮೇಲೆ ಕೂತು ಅತ್ತು ಹೋದ. ಕ್ಷಮಿಸದೆ ಎತ್ತಿಟ್ಟುಕೊಂಡದ್ದು ಇನ್ನೊಬ್ಬಳನ್ನು. ಅವಳು ನನಗೆ ಬೆರಳು ಕೂಡ ತಾಗಿಸಿದವಳಲ್ಲ. ಒಂದು ಮಾತು ಆಡಿದಳು, ಅಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸುವ ಕೆಲಸ ನಾನು ವಹಿಸಿಕೊಂಡೆ.

ಅವಳು ವಡೋದರಾದ ನಮ್ಮ ಬಡಾವಣೆಯ ಈಜುಕೊಳದಲ್ಲಿ ಹೆಂಗಸರ ಬ್ಯಾಚಿನ ಸೆಕ್ರೆಟರಿ. ಎಲ್ಲರಿಗೂ ಸೆಕ್ರೆಟರಿ ಬೆನ್; ಗುಜರಾತಿಯಲ್ಲಿ ಬೆನ್ ಎಂದರೆ ಅಕ್ಕ. ಆ ಕೊಳದಲ್ಲಿ ನಾನು ಈಜು ಕಲಿತದ್ದು ಫ್ರಾಕು ತೊಡುವ ವಯಸ್ಸಿನಲ್ಲಿ, ಅವಳು ಈ ಊರಿಗೆ ಸೊಸೆಯಾಗಿ ಬರುವ ಎಷ್ಟೋ ಮೊದಲು. ಮೊಣಕಾಲಿನ ಕೆಳಗಿನ ಎಡಗಾಲು ಹೋದ ಮೇಲೆ, ಗಾಯ ಮಾಗಿ ಡಾಕ್ಟರು ಸರಿ ಎಂದ ಮೇಲೆ, ಒಂದು ಬೆಳಿಗ್ಗೆ ಊರುಗೋಲಿನಲ್ಲಿ ಅಲ್ಲಿಗೆ ಹೋದೆ. ದಡದಲ್ಲಿ ಕೂತು ನಕಲಿ ಕಾಲು ಬಿಚ್ಚಿ ಪಕ್ಕಕ್ಕಿಟ್ಟೆ. ನೀರಿಗೆ ಇಳಿಯಬೇಕು, ಅಷ್ಟರಲ್ಲಿ ಅವಳು ಈಜುವ ಟೋಪಿ ಸರಿಮಾಡಿಕೊಳ್ಳುತ್ತ ಬಂದಳು.

"ಅರೇ ಬೆನ್, ಮಕ್ಕಳು ನೋಡಿ ಹೆದರುತ್ತಾರೆ. ನಿಮಗೆ ವ್ಯಾಯಾಮ ಬೇಕಾದರೆ ಫಿಸಿಯೋದವರ ಹತ್ತಿರ ಹೋಗಿ. ಇದು ಆಸ್ಪತ್ರೆಯ ತೊಟ್ಟಿಯಲ್ಲ."

ಬ್ಯಾಚಿನವರೆಲ್ಲ ಕೇಳಿಸಿಕೊಂಡರು. ನನ್ನ ಜೊತೆ ಬೆಳೆದವರೂ ಇದ್ದರು. ಕೆಲವರಿಗೆ ಅದೇ ಹೊತ್ತಿಗೆ ಈಜುಕನ್ನಡಕದಲ್ಲಿ ನೀರು ಹೊಕ್ಕಿತು, ಕೆಲವರು ಮುಳುಗಿ ಆಚೆ ದಡದಲ್ಲಿ ಎದ್ದರು. ನಾನು ಕಾಲು ತೊಟ್ಟುಕೊಂಡು ಮನೆಗೆ ಬಂದೆ.

ನಿಮ್ಮಲ್ಲಿ ಯಾರಾದರೂ ಹೇಳಬಹುದು, ಹೋಗಿ ಅವಳಿಗೆ ನಾಲ್ಕು ಮಾತು ಬಿಗಿಯಬಾರದಿತ್ತೇ ಎಂದು. ಬಿಗಿಯಬಹುದಿತ್ತು. ಪ್ರತಿ ಭಾನುವಾರ ಅವಳೇ ನನ್ನ ಕೈಗೆ ಸಿಗುತ್ತಿದ್ದಳಲ್ಲ! ನಮ್ಮದು ಉಡುಪಿ ಹೋಟೆಲು. ಅಜ್ಜ ಕುಂದಾಪುರ ಕಡೆಯಿಂದ ಬಂದು ಹಾಕಿದ್ದು. ಅವಳು ಗಂಡ ಮಕ್ಕಳ ಸಮೇತ ಬಂದು ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಕೂತು ಮಸಾಲೆದೋಸೆ ತಿನ್ನುವುದು, ಸಾಂಬಾರು ಮತ್ತೆ ಮತ್ತೆ ಹಾಕಿಸಿಕೊಳ್ಳುವುದು. ನಾನು ಗಲ್ಲಾದಲ್ಲಿ ಕೂತು ಹಲ್ಲು ಕಡಿಯುವುದು. ಒಮ್ಮೆ ಅಡುಗೆಮನೆಗೆ ಹೋಗಿ, ಅವಳ ಚಟ್ನಿಗೆ ಒಂದು ಹಿಡಿ ಹಸಿಮೆಣಸು ಹೆಚ್ಚು ಹಾಕಿ ಎಂದು ಹೇಳುವವಳಿದ್ದೆ. ಮೂಲೆಯಲ್ಲಿ ಮಣೆ ಹಾಕಿಕೊಂಡು ಕರಿಬೇವು ಬಿಡಿಸುತ್ತಿದ್ದ ಅಜ್ಜಿಗೆ ನನ್ನ ಮುಖ ನೋಡಿದ್ದೇ ಸಾಕಾಯಿತು.

"ಹೆಣೇ, ಎಲಿ ಎದುರ್ ಕೂತರ್ ಮೇಲ್ ಕೋಪ ತೀರ್ಸುಕಾಗ. ನಿನ್ ಅಜ್ಜ ಸಾಯು ತನ್ಕ ಹೇಳ್ತಿದ್ರ್. ಉಂಬುಕ್ ಬಂದ ಮೇಲೆ ವೈರಿ ಆದ್ರೂ ನಮ್ಮನಿ ದೇವ್ರ್."

"ಮತ್ತೆ ಎಲ್ಲಿ ತೀರಿಸಲಿ ಅಜ್ಜಿ?"

"ಎಲ್ ಕಳ್ಕಂಡ್ಯೊ ಅಲ್ಲೇ ಹುಡ್ಕ್. ಇಲ್ ಎಂತಕೆ ಮಿಣ್ಸ್ ಹಾಳ್ ಮಾಡ್ತೆ?"

ಕಳೆದುಕೊಂಡದ್ದು ನೀರಿನಲ್ಲಿ. ಸರಿ, ನೀರಿನಲ್ಲೇ. ಅವಳಿಗಿಂತ ಮುಂದೆ ಈಜಬೇಕು, ಅದೂ ಅವಳ ಬ್ಯಾಚಿನ ಕಣ್ಣೆದುರಿಗೆ. ಆ ಮಾತನ್ನು ಅವಳೇ ನುಂಗಬೇಕು. ಇಷ್ಟೇ ನನಗೆ ಬೇಕಾಗಿದ್ದದ್ದು. ಆರೋಗ್ಯ, ಮನಶ್ಶಾಂತಿ, ಸ್ಫೂರ್ತಿ ಅಂತೆಲ್ಲ ಆಮೇಲೆ ಜನ ಸೇರಿಸಿದರು.

ಈಗ ಕಾಲಿನ ಮಾತು. ನಡೆಯುವ ಕಾಲನ್ನು ನನಗೆ ಅಹಮದಾಬಾದಿನಲ್ಲಿ ಮಾಡಿಕೊಟ್ಟಿದ್ದರು. ಚೆನ್ನಾಗಿಯೇ ಇತ್ತು, ಆದರೆ ನೀರು ತಾಗಿಸಬೇಡಿ ಎಂದಿದ್ದರು. ಒಂದು ಅನುಕೂಲವೆಂದರೆ ಮೊದಲ ವರ್ಷ ಉಳಿದ ಮೊಂಡು ಕಾಲು ಊತ ಇಳಿದು ಸಣ್ಣದಾಗುತ್ತದೆ. ನಕಲಿ ಕಾಲಿನಲ್ಲಿ ಅದು ಕೂರುವ ಬಟ್ಟಲನ್ನು ಬದಲಾಯಿಸಬೇಕಾಗುತ್ತದೆ. ಹಾಗೆ ಹಳೆಯ ಬಟ್ಟಲೊಂದು ಮನೆಯಲ್ಲಿ ಬಿದ್ದಿತ್ತು. ಒಳಗೆ ದಪ್ಪ ಮೆತ್ತೆ ಕೊಟ್ಟರೆ ಸರಿಯಾಗಿ ಕೂರುತ್ತಿತ್ತು. ಅದರ ಕೆಳಗೆ ಈಜುವ ಕಾಲು ಜೋಡಿಸಲು ತಮ್ಮನಿಗೆ ಹೇಳಿದೆ. ಅವನು ಮಕರಪುರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕು ಮಾಡುವ ಜಾಗ.

ಇಲ್ಲೇ ನೋಡಿ ನಮ್ಮ ಜಾತಕ ಕೈಕೊಟ್ಟದ್ದು. ಹೋಟೆಲಿನವರ ಮಕ್ಕಳಿಗೆ ಸ್ಟೀಲಿಗಿಂತ ದೊಡ್ಡ ದೇವರಿಲ್ಲ. ಲೋಟ ಸ್ಟೀಲು, ಕೊಪ್ಪರಿಗೆ ಸ್ಟೀಲು, ಮದುವೆಗೆ ಉಡುಗೊರೆ ಸ್ಟೀಲು. ತಮ್ಮ ತಂದುಕೊಟ್ಟ ಕಾಲು ಫಳಫಳ ಹೊಳೆಯುತ್ತಿತ್ತು.

"ತ್ರೀ-ನಾಟ್-ಫೋರ್ ಗ್ರೇಡು ಅಕ್ಕ. ಜನ್ಮದಲ್ಲಿ ತುಕ್ಕು ಹಿಡಿಯಲ್ಲ."

"ಇದರಲ್ಲಿ ಸಾಂಬಾರು ಕಾಯಿಸಬಹುದು ಕಣೋ."

"ಹಾಕ್ಕೊಂಡು ನೋಡು, ಆಮೇಲೆ ಹೇಳು."

ಹಾಕಿಕೊಂಡು ನೋಡಲು ನೀರು ಬೇಕಲ್ಲ? ಅದಕ್ಕೆ ದೊಡ್ಡಕ್ಕ ಇದ್ದಳು. ಭಾವನಿಗೆ ಸೂರತ್ತಿನ ಹಜೀರಾದಲ್ಲಿ ಕೆಲಸ. ಅವರ ಕಂಪನಿ ಕಾಲನಿಯಲ್ಲಿ ಈಜುಕೊಳವಿದೆ, ಮಧ್ಯಾಹ್ನ ಖಾಲಿ ಹೊಡೆಯುತ್ತಿರುತ್ತದೆ. ಬಿಡುವಾದ ವಾರವೆಲ್ಲ ಬೆಳಗಿನ ರೈಲು ಹತ್ತಿ ಹೋಗತೊಡಗಿದೆ. ಮೊದಲ ದಿನ ಸ್ಟೀಲಿನ ಕಾಲು ತೊಟ್ಟು ಇಳಿದೆನೋ ಇಲ್ಲವೋ, ಬಾವಿಗೆ ಕೊಡಪಾನ ಬಿಟ್ಟ ಹಾಗೆ ನೇರ ತಳಕ್ಕೆ. ಅಕ್ಕ ಸೀರೆಯಲ್ಲೇ ಹಾರಿ ಜಡೆ ಹಿಡಿದು ಎಳೆದಳು.

"ಅಯ್ಯೋ ಮಾರಾಯ್ತಿ, ಸೇಡು ಆಮೇಲೆ ತೀರಿಸ್ಕೊ, ಮೊದ್ಲು ಬದ್ಕ್!"

ತಮ್ಮನಿಗೆ ನಾಚಿಕೆಯಾಯಿತು. ಮುಂದಿನ ಸಲ ಪ್ಲಾಸ್ಟಿಕ್ ಪೈಪಿನ ಎರಡೂ ಬಾಯಿ ಮುಚ್ಚಿ ಹಗುರವಾದ ಕಾಲು ಮಾಡಿದ. ಅದು ಇನ್ನೊಂದು ತಮಾಷೆ. ಒಳಗೆಲ್ಲ ಗಾಳಿ, ಕಾಲು ಮೇಲೆ, ತಲೆ ಕೆಳಗೆ. ಹೂಕೋಸು ಕರಿಯಲು ಎಣ್ಣೆಗೆ ಬಿಟ್ಟ ಹಾಗೆ ಮಗುಚಿಕೊಂಡೆ. ಮೂಗು ಗಂಟಲೆಲ್ಲ ಕ್ಲೋರಿನ್. ವಾಪಸು ರೈಲಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಾಗ ಸೆಕ್ರೆಟರಿಯ ಆ ಟೋಪಿ ಸರಿಮಾಡಿಕೊಳ್ಳುವ ಕೈಯೇ ಕಣ್ಣ ಮುಂದೆ. ಬಿಟ್ಟುಬಿಡೋಣವೇ ಎಂದು ಒಮ್ಮೆ ಅನಿಸಿತು. ಆ ಕೈ ನೆನಪಾಗದಿದ್ದರೆ ಬಿಟ್ಟೇಬಿಡುತ್ತಿದ್ದೆ.

ದಾರಿ ತೋರಿಸಿದ್ದು ವಡೆ. ಭಾನುವಾರ ಅವಳ ಟೇಬಲ್ಲಿಗೆ ಹೋಗಬೇಕಾದ ವಡೆಯನ್ನು ತೂತಿನ ಸೌಟಿನಲ್ಲಿ ಎತ್ತುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸೌಟು ಎಣ್ಣೆಯಲ್ಲಿ ಸಲೀಸಾಗಿ ಮುಳುಗುತ್ತದೆ; ಎತ್ತಿದರೆ ಎಣ್ಣೆಯೆಲ್ಲ ಸೋರಿ ಹಗುರವಾಗುತ್ತದೆ. ಅಲ್ಲಿಂದಲೇ ತಮ್ಮನಿಗೆ ಫೋನು ಮಾಡಿದೆ.

"ಬಾಯಿ ಮುಚ್ಚಬೇಡ ಕಣೋ, ತೂತು ಹೊಡಿ. ಮೈತುಂಬ ತೂತು. ನೀರು ಒಳಗೆ ಹೋಗಲಿ, ಹೊರಗೂ ಬರಲಿ."

"ಬಟ್ಟಲಿಗಲ್ಲ ತಾನೆ?"

"ಬಟ್ಟಲಿಗೆ ಹೊಡೆದರೆ ನಿನಗೆ ಹೊಡೀತೀನಿ."

ಅದು ಕೆಲಸ ಮಾಡಿತು. ಕಾಲು ಮುಳುಗಲೂ ಇಲ್ಲ, ಮೇಲೆ ಚಿಮ್ಮಲೂ ಇಲ್ಲ; ನನ್ನದೇ ಎಂಬಂತೆ ಜೊತೆಗೆ ಬಂತು. ಆಮೇಲೆ ಅದರ ತುದಿಗೆ ಪಾದದ ಬದಲು, ಈಜುವವರು ಕಾಲಿಗೆ ತೊಡುವ ರಬ್ಬರಿನ ರೆಕ್ಕೆ ಕೂರಿಸಿದ. ಅಂಗಡಿಯಲ್ಲಿ ಅದು ಜೋಡಿಯಾಗಿಯೇ ಸಿಗುವುದು. ಒಂದನ್ನು ಕತ್ತರಿಸಿ ನನ್ನ ಕಾಲಿಗೆ ಹಾಕಿದ. ಇನ್ನೊಂದು, ಮೊದಲನೆಯದು ಹರಿದರೆ ಇರಲಿ ಎಂದು ನನ್ನ ಚೀಲದಲ್ಲೇ ಉಳಿಯಿತು.

ರೆಕ್ಕೆ ಬಂದ ಮೇಲೆ ಹಾರಿದೆನೆಂದು ತಿಳಿಯಬೇಡಿ. ಒಂದೇ ಕಡೆ ರೆಕ್ಕೆಯಿದ್ದರೆ ಮೈ ಒಂದೇ ಕಡೆ ತಿರುಗುತ್ತದೆ. ನೇರ ಹೊರಟವಳು ಗೋಡೆಗೆ ಹೋಗಿ ಭುಜ ಬಡಿಯುತ್ತಿದ್ದೆ. ದಡದಲ್ಲಿ ಕೂತ ಅಕ್ಕ, "ಗಾಣದ ಎತ್ತೇ, ಈಚೆ ಬಾ!" ಎಂದು ಕೂಗುತ್ತಿದ್ದಳು. ಎಡಗಾಲನ್ನು ಅಳೆದು ತೂಗಿ ಒದೆಯುವುದು, ಬಲಗಾಲಿನಲ್ಲಿ ಜೋರು ಮಾಡುವುದು, ಸೊಂಟವನ್ನು ಬಿಗಿಹಿಡಿಯುವುದು ಇವನ್ನೆಲ್ಲ ಕಲಿಯುವಷ್ಟರಲ್ಲಿ ಚಳಿಗಾಲ ಬಂದು ಹೋಯಿತು. ಭಾನುವಾರಗಳಂದು ಅವಳು ಬರುತ್ತಿದ್ದಳು, ತಿನ್ನುತ್ತಿದ್ದಳು. ನಾನು ಹುಡುಗರಿಗೆ ಹೇಳಿ ಅವಳ ದೋಸೆಗೆ ತುಪ್ಪ ಹೆಚ್ಚು ಹಾಕಿಸುತ್ತಿದ್ದೆ. ಮೈ ಬೆಳೆಯಲಿ.

ಬೇಸಿಗೆಯಲ್ಲಿ ಹಜೀರಾದ ಕಾಲನಿಯವರು ನಮ್ಮ ವಡೋದರಾದ ಹೆಂಗಸರ ಬ್ಯಾಚನ್ನು ಸ್ನೇಹದ ಪಂದ್ಯಕ್ಕೆ ಕರೆದರು. ಕರೆಸಿದ್ದು ಯಾರೆಂದು ಹೇಳಬೇಕಾಗಿಲ್ಲ. ಅಕ್ಕ ಕಾಲನಿಯ ಹೆಂಗಸರಿಗೆಲ್ಲ ತಿಂಗಳುಗಟ್ಟಲೆ ನೀರುದೋಸೆ ಹಾಕಿದ್ದಳು. ಕಾಲನಿಯ ಪರವಾಗಿ ನನ್ನ ಹೆಸರು.

ಸೆಕ್ರೆಟರಿ ಬೆನ್ ನನ್ನನ್ನು ಕಂಡು, "ಅರೇ, ದೋಸೆವಾಲಿ ಬೆನ್! ನೋಡಲು ಬಂದಿರಾ?" ಎಂದಳು. ನಾನು ಟವೆಲು ತೆಗೆದು ಕಾಲು ತೋರಿಸಿದೆ. ಅವಳ ಬ್ಯಾಚಿನವರ ಮಕ್ಕಳು ಹತ್ತಿರ ಓಡಿ ಬಂದು ತೂತುಗಳಲ್ಲಿ ಬೆರಳು ತೂರಿಸಿ ನಗತೊಡಗಿದವು. ಒಂದೂ ಹೆದರಲಿಲ್ಲ.

ಅವಳು ಮೇಲಿನಿಂದ ಹಾರಿದಳು, ನಾನು ನೀರೊಳಗಿಂದಲೇ ಹೊರಟೆ. ಅರ್ಧದವರೆಗೆ ಅವಳ ಪಾದದ ನೊರೆಯಷ್ಟೇ ಕಾಣುತ್ತಿತ್ತು. ಆಮೇಲೆ ಅವಳ ಸೊಂಟ, ಆಮೇಲೆ ಆ ಟೋಪಿ. ಪಕ್ಕದಲ್ಲಿ ಹಾದುಹೋಗುವಾಗ ಉಸಿರಿಗೆಂದು ಮುಖ ತಿರುಗಿಸಿದೆ, ಅವಳೂ ತಿರುಗಿಸಿದ್ದಳು. ಆ ಕಣ್ಣನ್ನು ನಾನು ಇವತ್ತಿಗೂ ಬೇಜಾರಾದಾಗ ತೆಗೆದು ನೋಡಿಕೊಳ್ಳುತ್ತೇನೆ. ಕಾಲನಿಯ ಹುಡುಗಿಯೊಬ್ಬಳು ಮೊದಲು ಬಂದಳು, ಆಮೇಲೆ ನಾನು, ನನ್ನ ನಂತರ ಸೆಕ್ರೆಟರಿ.

ಮುಗಿಯಿತು ಅಂದುಕೊಂಡಿರಾ? ದಡ ಹಿಡಿದು ಏದುಸಿರು ಬಿಡುತ್ತಲೇ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಾಲಿಗೆ ಮಶೀನು ಕಟ್ಟಿಕೊಂಡರೆ ಯಾರು ಬೇಕಾದರೂ ಗೆಲ್ಲಬಹುದು."

ಕೆಲವರು ಹೌದೆಂದು ತಲೆಯಾಡಿಸಿದರು. ಮೈ ಉರಿದರೂ ದನಿಗೆ ಜೇನು ಸವರಿ ಹೇಳಿದೆ.

"ನಿಜ ಬೆನ್, ಅನ್ಯಾಯವೇ. ನೀವೂ ಕಟ್ಟಿಕೊಳ್ಳಿ. ಅಕ್ಕಾ, ಚೀಲ ಕೊಡೇ."

ಜೋಡಿಯಲ್ಲಿ ಉಳಿದಿದ್ದ ಆ ರೆಕ್ಕೆಯನ್ನು ಅವಳ ಮುಂದೆ ಇಟ್ಟೆ.

"ಒಂದೇ ಇದೆ?"

"ನನಗೂ ಒಂದೇ ಅಲ್ಲವೇ, ಬೆನ್?"

ಅವಳಿಗೆ ಬೇಡವೆನ್ನಲು ಜಾಗವಿರಲಿಲ್ಲ. ಇಡೀ ಬ್ಯಾಚು ನೋಡುತ್ತಿತ್ತು. ಎರಡು ಗಟ್ಟಿ ಕಾಲಿನವಳು, ಒಂದಕ್ಕೆ ರೆಕ್ಕೆ ತೊಟ್ಟು ಹೊರಟಳು. ಎರಡು ಒದೆತಕ್ಕೆ ಓರೆಯಾದಳು. ಸಾಲು ಬೇರ್ಪಡಿಸುವ ಹಗ್ಗಕ್ಕೆ ಹೋಗಿ ತೊಡರಿದಳು. ಬಿಡಿಸಿಕೊಂಡು ಇನ್ನೂ ಜೋರಾಗಿ ಒದ್ದಳು. ಪೂರ್ತಿ ತಿರುಗಿ ಹೊರಟ ಕಡೆಗೇ ಮುಖ ಮಾಡಿದಳು. ಮಕ್ಕಳು ಮೊದಲು ನಕ್ಕವು, ಆಮೇಲೆ ದೊಡ್ಡವರು. ಅಕ್ಕ ಗಾಣದ ಎತ್ತೆಂದು ಕನ್ನಡದಲ್ಲೇ ಕೂಗಿದಳು. ನನಗೆ ಒಂದು ಚಳಿಗಾಲ ಹಿಡಿದದ್ದನ್ನು ಅವಳಿಗೆ ಅಷ್ಟರಲ್ಲಿ ಹೇಳಿಕೊಡಲು ಆಗುತ್ತದೆಯೇ? ಹೇಳಿಕೊಡಬಹುದಿತ್ತು, ಒಂದಿಷ್ಟಾದರೂ. ಹೇಳಲಿಲ್ಲ. ಟೋಪಿ ಕಳಚಿಹೋಗಿ, ನೀರು ಕುಡಿದು, ಕೆಮ್ಮುತ್ತ ಅವಳು ನಾನಿದ್ದ ದಡಕ್ಕೇ ಬಂದು ತಗುಲಿಕೊಂಡಳು. ನಾನು ಬಗ್ಗಿ, ತೇಲುತ್ತಿದ್ದ ಟೋಪಿಯನ್ನು ಎತ್ತಿಕೊಟ್ಟೆ.

"ಹುಷಾರು ಬೆನ್. ಇದು ಆಸ್ಪತ್ರೆಯ ತೊಟ್ಟಿಯಲ್ಲ."

ಮುಂದಿನ ಭಾನುವಾರ ಅವಳು ಬರಲಿಕ್ಕಿಲ್ಲ ಎಂದು ತಮ್ಮ ಅಂದ. ಬರ್ತಾಳೆ, ಆ ಸಾಂಬಾರು ಅವಳನ್ನು ಬಿಡೋದಿಲ್ಲ ಎಂದೆ ನಾನು. ಬಂದಳು. ಅದೇ ಕಿಟಕಿ, ಅದೇ ದೋಸೆ. ತಲೆ ಎತ್ತದೆ ಸಾಂಬಾರು ಕೇಳಿದಳು. ಆ ದಿನ ಹುಡುಗರನ್ನು ತಡೆದು, ಗಲ್ಲಾದಿಂದ ಎದ್ದು, ಬಕೆಟ್ಟು ಸೌಟು ಹಿಡಿದು ನಾನೇ ಹೋದೆ. ಮನೆಯವರೇ ಬಡಿಸಿದರೆ ನಮ್ಮಲ್ಲಿ ಅದು ದೊಡ್ಡ ಮರ್ಯಾದೆ. ಅಂಥ ಕೈಯನ್ನು ತಡೆಯುವ ರೂಢಿ ಅವರ ಗುಜರಾತಿನಲ್ಲೂ ಇಲ್ಲ.

ಒಂದು ಸೌಟು ಹಾಕಿದೆ. ಅವಳು ಬಟ್ಟಲನ್ನೇ ನೋಡುತ್ತ ಮೆಲ್ಲಗೆ ಅಂದಳು: "ನಮ್ಮ ಕೊಳ ಬೆಳಿಗ್ಗೆ ಏಳಕ್ಕೆ ತೆರೆಯುತ್ತದೆ. ನೀವು... ಬರಬಹುದು."

"ನೋಡುತ್ತೇನೆ," ಎಂದು ಇನ್ನೊಂದು ಹಾಕಿದೆ.

"ಬಸ್, ಬೆನ್, ಬಸ್."

ಅಡುಗೆಮನೆಯ ಬಾಗಿಲಿನಿಂದ ಅಜ್ಜಿ ನೋಡುತ್ತಿದ್ದಳು. ಉಣ್ಣುವವರು ಮೊದಲ ಸಲ ಸಾಕೆಂದರೆ ನಿಲ್ಲಿಸಬಾರದೆಂದು ಕಲಿಸಿದವಳೂ ಅವಳೇ. ಸಾಂಬಾರು ಬಟ್ಟಲಿನ ಅಂಚು ದಾಟಿ ತಟ್ಟೆಗಿಳಿಯಿತು. ನಾನು ಮತ್ತೊಂದು ಸೌಟು ಎತ್ತಿದೆ.