ಬೆರಳು ನೋಡುತ್ತಾ ಹೇಳಿದ ಮಾತು

ಚಿತ್ರದುರ್ಗದ ಹತ್ತಿ ಮಿಲ್ಲೊಂದರಲ್ಲಿ ಬೀಜ ಬಿಡಿಸುವ ಯಂತ್ರಗಳ ಮುಂದೆ ಕೂರುತ್ತಿದ್ದ ಹೆಂಗಸರಲ್ಲಿ ನಿಂಗಕ್ಕನ ಬಾಯಿಯೇ ಜೋರು. ಯಂತ್ರದ ಸದ್ದನ್ನೂ ಮೀರಿ ಅವಳ ನಗು ಕೇಳಿಸುತ್ತಿತ್ತು. ಐಮಂಗಲದಲ್ಲಿ ಹುಟ್ಟಿ ದುರ್ಗಕ್ಕೆ ಸೊಸೆಯಾಗಿ ಬಂದವಳು. ಗಂಡ ಕೆಂಚಣ್ಣ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ಪಕ್ಕದ ಯಂತ್ರದಲ್ಲಿದ್ದ ಹಿರಿಯೂರಿನ ಓಬವ್ವ ಅವಳ ಜೀವದ ಗೆಳತಿ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇದು ನಿನ್ನದು, ಇದು ನನ್ನದು ಎಂಬ ಭೇದವಿರಲಿಲ್ಲ.

ಎಪ್ಪತ್ತನಾಲ್ಕರ ಬೇಸಿಗೆಯಲ್ಲಿ ಒಂದು ದಿನ ಯಂತ್ರದಿಂದ ಕಿಡಿ ಹಾರಿ ಹತ್ತಿಯ ರಾಶಿಗೆ ಬಿತ್ತು. ನೋಡನೋಡುತ್ತಲೇ ಶೆಡ್ಡೆಲ್ಲ ಹೊಗೆ. ನಿಂಗಕ್ಕ ಓಬವ್ವನ ಕೈ ಹಿಡಿದು ಬಾಗಿಲ ಕಡೆ ಓಡಿದಳು. ಅಂಗಳಕ್ಕೆ ಬಂದು ಬಿದ್ದಾಗ ಅವಳ ಕೈ ಬರಿದಾಗಿತ್ತು. ಹಿಂದೆಯೇ ತಗಡಿನ ಚಾವಣಿ ಕುಸಿಯಿತು. ಓಬವ್ವ ಹೊರಗೆ ಬರಲಿಲ್ಲ.

ಮೈಮೇಲಿನ ಸುಟ್ಟ ಗಾಯಗಳು ಮಾಯ್ದವು. ಆದರೆ ನಿಂಗಕ್ಕ ಒಲೆಯ ಹತ್ತಿರ ಸುಳಿಯುವುದನ್ನೇ ಬಿಟ್ಟಳು. ಕಡ್ಡಿ ಗೀರಿದ ಸದ್ದಿಗೆ ಕೈಕಾಲು ತಣ್ಣಗಾಗುತ್ತಿದ್ದವು. ನಿದ್ದೆಯಲ್ಲಿ ಚೀರಿಕೊಂಡು ಏಳುತ್ತಿದ್ದಳು. ಓಣಿಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ಕೆಂಚಣ್ಣ ಬೆಳಗ್ಗೆ ತಾನೇ ಮುದ್ದೆ ಕಟ್ಟಿಟ್ಟು ಮಂಡಿಗೆ ಹೋಗುತ್ತಿದ್ದ. ಜೊತೆಯವರು ಆಡಿಕೊಂಡರೆ, "ನನ್ನ ಕೈ ಮುದ್ದೆ ನೀವು ಉಂಡಿಲ್ಲ, ಅದ್ಕೆ ನಗ್ತೀರಿ" ಎಂದು ಸುಮ್ಮನಾಗಿಸುತ್ತಿದ್ದ.

ಹೊಗೆ ಬಡಿದ ಕಣ್ಣಿನಿಂದ ಮಾತ್ರ ನೀರು ಸುರಿಯುತ್ತಲೇ ಇತ್ತು. ಕಡೆಗೆ ಕೆಂಚಣ್ಣ ಅವಳನ್ನು ಕಣ್ಣಿನ ಡಾಕ್ಟರ್ ಕಮಲಮ್ಮನ ಷಾಪಿಗೆ ಕರೆದೊಯ್ದ. ಡಾಕ್ಟರು ಎದುರಿಗೆ ಸ್ಟೂಲು ಎಳೆದುಕೊಂಡು ಕೂತು ತೋರುಬೆರಳು ಎತ್ತಿ ಹಿಡಿದರು.

"ತಲೆ ಅಲ್ಲಾಡಿಸಬೇಡ್ರಿ. ಕಣ್ಣಷ್ಟೇ ಬೆರಳಿನ ಹಿಂದೆ ಬರಲಿ." ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. "ಹೊಗೆ ಹೆಂಗೆ ಬಡೀತು, ಹೇಳ್ರಿ."

ಅಲ್ಲಿಯವರೆಗೆ ಗಂಡನ ಮುಂದೆಯೂ ಬಾಯಿ ಬಿಡದಿದ್ದ ನಿಂಗಕ್ಕ ಹೇಳತೊಡಗಿದಳು. ಕಿಡಿ, ಹೊಗೆ, ಹೆಂಗಸರ ಕೂಗು. ಪರೀಕ್ಷೆ ಮುಗಿದು ಡಾಕ್ಟರು ಕೈ ಇಳಿಸಿದಾಗ ಅವಳು ಅವರ ಮುಂಗೈ ಹಿಡಿದುಕೊಂಡಳು.

"ನಿಲ್ಲಿಸಬ್ಯಾಡ್ರಿ ಅಮ್ಮಾರೆ. ಬೆರಳು ಆಡ್ತಿದ್ರೆ ಹೇಳಾಕಾಗ್ತೈತೆ. ನಿಂತ್ರೆ ಬೆಂಕಿ ಮೈಮೇಲೆ ಬರ್ತೈತೆ."

ಕಮಲಮ್ಮ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಮತ್ತೆ ಬೆರಳು ಎತ್ತಿದರು.

ಅಂದು ರಾತ್ರಿ ನಿಂಗಕ್ಕ ಚೀರಲಿಲ್ಲ. ಕಣ್ಣಿಗೆ ಹಾಕುವ ಔಷಧಿಯ ನೆಪದಲ್ಲಿ ಮತ್ತೆ ಮತ್ತೆ ಷಾಪಿಗೆ ಹೋದಳು. ಕೆಂಚಣ್ಣ ತಡೆಯಲಾರದೆ ಕೇಳಿಯೇಬಿಟ್ಟ: "ಬೆರಳು ಆಡಿಸಿದ್ರೆ ಹೆಂಗೆ ವಾಸಿ ಆಗ್ತೈತೆ ಅಮ್ಮಾರೆ?"

"ನನಗೂ ಗೊತ್ತಿಲ್ಲಪ್ಪ. ನಾನು ಓದಿದ್ದರಲ್ಲಿ ಇದಿಲ್ಲ. ಇವರಿಗೆ ಹಗುರಾಗ್ತಿದೆ ಅನ್ನೋದಷ್ಟೇ ಕಾಣ್ತಿದೆ. ಬೇಡ ಅಂದ ದಿನ ನಿಲ್ಲಿಸಿಬಿಡೋಣ."

ಆ ಬೇಡವೂ ಬಂತು. ಒಮ್ಮೆ ಮಾತಿನ ನಡುವೆಯೇ ಎದ್ದು ಹೊರಗೆ ಓಡಿ ವಾಂತಿ ಮಾಡಿಕೊಂಡು ನಿಂಗಕ್ಕ ಮನೆಗೆ ಹೋದವಳು ಹಲವು ದಿನ ಅತ್ತ ತಲೆ ಹಾಕಲಿಲ್ಲ. ಕಮಲಮ್ಮ ಹೇಳಿ ಕಳಿಸಲೂ ಇಲ್ಲ. ಒಂದು ಸಂಜೆ ಅವಳೇ ಹೋಗಿ ಸ್ಟೂಲಿನ ಮುಂದೆ ಕೂತಳು. "ಓಬವ್ವನ ಕೈ ಬಿಟ್ಟಿದ್ದು ನಾನು, ಅಮ್ಮಾರೆ. ಅದೊಂದು ಹೇಳಿಲ್ಲ."

"ಬೆರಳು ನೋಡ್ರಿ. ಏನು ಕಾಣ್ತಿದೆ?"

"ಬಾಗ್ಲು ಕಾಣ್ತೈತೆ. ಅವ್ಳ ಕೈ ಹಿಡಿದು ಎಳೀತಿದೀನಿ. ಬರ್ತಿಲ್ಲ." ಕಣ್ಣು ಬೆರಳಿನ ಹಿಂದೆ ಓಡುತ್ತಿತ್ತು, ಕೆನ್ನೆ ಒದ್ದೆಯಾಗಿತ್ತು. "ಕಾಲು ಯಂತ್ರದ ಪಟ್ಟಾದಾಗೆ ಸಿಕ್ಕೈತೆ. ಅವ್ಳೇ ಕೈ ಕಿತ್ಕಂಡ್ಲು. ಹೋಗೇ ನಿಂಗಿ ಅಂದು ನೂಕಿದ್ಲು." ಆಮೇಲೆ ಮೆಲ್ಲಗೆ ಅಂದಳು: "ನಾನು ಬಿಡಲಿಲ್ಲ."

ಕಮಲಮ್ಮ ಬೆರಳು ಇಳಿಸಿದರು. ಈ ಸಲ ನಿಂಗಕ್ಕ ಅವರ ಕೈ ಹಿಡಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕುಡಿಯಲು ನೀರು ಕೇಳಿದಳು.

ಮರುದಿನ ಬೆಳಗ್ಗೆ ಅವಳು ಒಲೆಯ ಮುಂದೆ ಕೂತಳು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಕೈ ಹಿಂದೆ ಬರಲಿಲ್ಲ. ಕೆಂಚಣ್ಣ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು, ತಲೆಗೆ ಸುತ್ತಿದ್ದ ಟವಲನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಇನ್ನೊಂದು ಕೆಲಸ ಉಳಿದಿತ್ತು. ಓಬವ್ವನ ತಾಯಿ ಚಂದ್ರಕ್ಕ ಹಿರಿಯೂರಿನ ತೆಂಗಿನಕಾಯಿ ಮಂಡಿಯಲ್ಲಿ ಕೂಲಿಗೆ ಹೋಗುತ್ತಿದ್ದಳು. ಬೆಂಕಿಯ ದಿನದಿಂದ ನಿಂಗಕ್ಕ ಆಕೆಗೆ ಮುಖ ತೋರಿಸಿರಲಿಲ್ಲ. ಆ ವಾರವೇ ಬಸ್ಸು ಹತ್ತಿ ಹೋಗಿ, ಕಾಯಿಗಳ ರಾಶಿಯ ಪಕ್ಕ ಕೂತು ನಡೆದದ್ದೆಲ್ಲ ಹೇಳಿದಳು.

ಚಂದ್ರಕ್ಕ ಬಹಳ ಹೊತ್ತು ಕಾಯಿಯ ಜುಟ್ಟು ಕೀಳುತ್ತಲೇ ಇದ್ದಳು. "ಸಣ್ಣಾಕಿದ್ದಾಗ್ಲೂ ಹಂಗೇ. ಓಣಿ ಮಕ್ಕಳ್ನ ಮುಂದೆ ನೂಕಿ ತಾನು ಹಿಂದೆ ನಿಲ್ತಿದ್ಲು." ಆಮೇಲೆ ಕಣ್ಣೆತ್ತಿ ನೋಡಿ, "ಇಷ್ಟು ದಿನ ಯಾಕೆ ಬರಲಿಲ್ಲವ್ವ ನೀನು? ಅವ್ಳ ಸುದ್ದಿ ಮಾತಾಡಾಕೆ ನನಗ್ಯಾರೂ ಇರ್ಲಿಲ್ಲ" ಅಂದಳು.

ಅಂದು ನಿಂಗಕ್ಕ ಅಲ್ಲೇ ಉಳಿದಳು. ಮಿಲ್ಲಿಗೆ ಆಕೆ ಮತ್ತೆ ಹೋಗಲಿಲ್ಲ. ಹೊಗೆಯ ವಾಸನೆ ಬಂದರೆ ಆಮೇಲೂ ಎದ್ದು ನಿಲ್ಲುತ್ತಿದ್ದಳು, ಅಷ್ಟರಮಟ್ಟಿಗೆ ಅದು ಉಳಿದೇ ಉಳಿಯಿತು. ಆದರೆ ಮುಂದಿನ ವರ್ಷದಿಂದ ಚಂದ್ರಕ್ಕ ಸಂತೆಯ ಹಿಂದಿನ ದಿನ ಹಿರಿಯೂರಿನಿಂದ ಕಾಯಿಯ ಚೀಲಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬರುವುದು, ಇಬ್ಬರೂ ಸೇರಿ ದುರ್ಗದ ಸಂತೆಯಲ್ಲಿ ಮಾರುವುದು ರೂಢಿಯಾಯಿತು. ಒಳ್ಳೆಯ ಕಾಯಿ ಮುಂದಿಡಬೇಕೋ ಅಡಿಯಲ್ಲಿಡಬೇಕೋ ಎಂದು ಪ್ರತಿ ಸಂತೆಯಲ್ಲೂ ಇಬ್ಬರಿಗೂ ಜಗಳ. ಗಿರಾಕಿಗಳು ನಿಂತು ಕೇಳುತ್ತಿದ್ದರು.