ಯಾರೂ ಕಟ್ಟದ ಕೆರೆ

ಮೊನ್ನೆ ಮಳೆಯಲ್ಲಿ ನೆನೆದ ಕಂಬಳಿಯನ್ನು ಯಾರೋ ನಮ್ಮ ಜಗಲಿಯ ಮೇಲೆ ಹಾಸಿದ್ದರು. ಆ ವಾಸನೆ ಮೂಗಿಗೆ ಬಡಿದಾಗ ರಾಯದುರ್ಗದ ನಮ್ಮ ಓಣಿಯ ಕುರಿಗಾರ ತಾತ ನೆನಪಾದ. ಇಷ್ಟು ವರ್ಷಗಳಾದರೂ ಮೊದಲು ಬರುವುದು ದುಃಖವಲ್ಲ, ಸಿಟ್ಟು...

ಆಗಿನ್ನೂ ನಮ್ಮೂರು ಮದ್ರಾಸು ಸರ್ಕಾರಕ್ಕೆ ಸೇರಿತ್ತು. ನಾನು ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಆ ವರ್ಷದ ಮಳೆಗೆ ಗುಡ್ಡದ ಒಂದು ಮಗ್ಗುಲು ಜಾರಿ ಮೇಲಿನ ಹಳ್ಳಕ್ಕೆ ಅಡ್ಡ ಬಿದ್ದಿತ್ತು. ತಾತ ಕರೆದೊಯ್ದು ತೋರಿಸಿದ. ದಿಂಡಿಗದ ಮರಗಳ ಕಾಡು ಇಡಿಯಾಗಿ ಮುಳುಗಿ, ತುದಿಕೊಂಬೆಗಳಷ್ಟೇ ನೀರಿನ ಮೇಲಿದ್ದವು. ಚೆಂದವಿದೆ ಎಂದೆ.

"ಚೆಂದ ಆಮ್ಯಾಗ ನೋಡಪ್ಪ," ಎಂದು ಬಂಡೆಗಳ ಸಂದಿಯಲ್ಲಿ ಒಸರುತ್ತಿದ್ದ ಕೆಂಪು ನೀರು ತೋರಿಸಿದ. "ಕೆರಿ ಕಟ್ಟೈತಿ, ಮಣ್ಣು ಕರಗಾಕ ಹತ್ತೈತಿ. ಕೆಳಗ ನಮ್ಮ ಮಂದಿ ಹಟ್ಟಿ ಐತಿ. ನನ್ನ ಮಾತಿಗೆ ಮಂದಿ ಏಳಂಗಿಲ್ಲ, ಸರ್ಕಾರದ ಕಾಗದ ಬಂದ್ರ ಏಳ್ತಾರ. ಅರ್ಜಿ ಬರಿ."

ಇಂಗ್ಲಿಷಿನಲ್ಲಿ ಬರೆದೆ. ಕೆರೆ ಎಂದಮೇಲೆ ಯಾರೋ ಕಟ್ಟಿರಲೇಬೇಕು ಎಂಬಂತೆ, ತಾತನ 'ಕಟ್ಟೈತಿ' ನನ್ನ ಕೈಯಲ್ಲಿ 'ಕಟ್ಟಲಾಗಿದೆ' ಎಂದಾಯಿತು.

ತಾಲೂಕು ಕಚೇರಿಯಲ್ಲಿ ಅಧಿಕಾರಿ ಅದನ್ನು ಓದಿ, ತಲೆ ಎತ್ತದೆ ಕೇಳಿದ: "ಯಾರು ಕಟ್ಟಿದ್ದು?"

"ಗುಡ್ಡ ಬಿದ್ದು ಕಟ್ಟೈತ್ರಿ," ಎಂದ ತಾತ.

"ಹಂಗಾದ್ರ ಗುಡ್ಡಕ್ಕ ಸಮನ್ಸ್ ಕಳಸೋಣೇನ್ರಿ?" ಎಂದ ಗುಮಾಸ್ತ. ಎಲ್ಲರೂ ನಕ್ಕರು.

ಕುರಿಗಳ ನೀರಿಗೆಂದು ಕೆರೆ ಕಟ್ಟಿ ಸರ್ಕಾರದ ಮರ ಮುಳುಗಿಸಿದನೆಂದು ತಾತನನ್ನೇ ಎರಡು ದಿನ ಕಚೇರಿಯಲ್ಲಿ ಕೂರಿಸಿದರು. ತಪ್ಪು ನನ್ನದು ಎಂದು ಗೋಗರೆದೆ. "ಬಿ.ಎ. ಓದಿದವರು ಬರೆದದ್ದು ನಂಬಲೋ, ಕುರಿ ಕಾಯೋನ ಬಾಯಿಮಾತೋ?" ಎಂದ ಅಧಿಕಾರಿ. ಆ ಎರಡು ದಿನದಲ್ಲಿ ನಾನೇ ಹಟ್ಟಿಗೆ ಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಸರ್ಕಾರದ ಕಾಗದಕ್ಕಾಗಿ ಕಚೇರಿಯ ಬಾಗಿಲಲ್ಲೇ ನಿಂತಿದ್ದೆ.

ಮೂರನೆಯ ಬೆಳಿಗ್ಗೆ ಬಿಟ್ಟರು. ತಾತ ನೇರ ಹಟ್ಟಿಗೆ ಓಡಿದ, ಹಿಂದೆ ನಾನು. ಬೈದು, ಕೋಲಿನಿಂದ ತಿವಿದು ಕುರಿಗಳಂತೆ ಮಂದಿಯನ್ನು ದಿಬ್ಬಕ್ಕೆ ಹತ್ತಿಸಿದ. ಕೊನೆಯ ಗುಡಿಸಲಿನಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಉಳಿದಿದ್ದಳು. ಅವಳನ್ನು ಹೊತ್ತು ತರಲು ಇಳಿದ. ನಾನು ದಿಬ್ಬದ ಮೇಲೇ ಇದ್ದೆ... ಮೇಲೆ ಕೆರೆ ಒಡೆದಾಗ ಮೊದಲು ಬಂದದ್ದು ನೀರಲ್ಲ, ಮರಗಳು. ಬೇರುಸಹಿತ, ಒಂದರ ಮೇಲೊಂದು ಉರುಳಿಕೊಂಡು. ಆಮೇಲೆ ಗುಡಿಸಲೂ ಇರಲಿಲ್ಲ, ಅವರಿಬ್ಬರೂ ಇರಲಿಲ್ಲ.

ಅಧಿಕಾರಿಗೆ ವರ್ಗವಾಯಿತು, ಅಷ್ಟೇ.

ಈಗಲೂ ದೂರದಲ್ಲಿ ಲಾರಿ ಗುಡುಗಿದರೆ ನಾನು ಎದ್ದು ನಿಲ್ಲುತ್ತೇನೆ. ಆ ಹಟ್ಟಿಯವರು ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಮದುವೆಗಳಿಗೆ ಕರೆಯುತ್ತಾರೆ, ಓದಿದವರೆಂದು ಮೊದಲ ಪಂಕ್ತಿಯಲ್ಲಿ, ಹಿರಿಯರ ಜಾಗದಲ್ಲಿ ಕೂರಿಸುತ್ತಾರೆ. ಅಲ್ಲಿ ಕೂರಬೇಕಾದವನು ಯಾರೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಕೂರುತ್ತೇನೆ.